ಭಂಡಾರ ಬಿದ್ದ ಕರಿಪಟ್ಟಿ

ಹಾರ್ಮೋನಿಯಂನಂತೆ ಪಟ್ಟಿ ಒತ್ತಿ ಬಾರಿಸುವ ಸಿಂಥಸೈಜರ್ ಮನೆಗೆ ಬಂದ ದಿನ, ಜೇಜುರಿಯಿಂದ ತಂದಿದ್ದ ಭಂಡಾರವನ್ನು, ಅಂದರೆ ಖಂಡೋಬನ ಅರಿಶಿನವನ್ನು, ಹಿಡಿ ತುಂಬ ತೆಗೆದು ಅದರ ಮೇಲೆ ಎರಚಿದೆ. ಪುಣೆಯ ನಮ್ಮ ಭೋಸರಿಯ ಕಾರ್ಖಾನೆಗಳಲ್ಲಿ ಲೇಥ್ ಯಂತ್ರಕ್ಕೂ ಎರಚುತ್ತಾರೆ, ನಮ್ಮ ಮನೆಯಲ್ಲಿ ಮಿಕ್ಸರಿಗೂ. ಪುಡಿ ಒಂದು ಕರಿಪಟ್ಟಿಯ ಸಂದಿಗೆ ಇಳಿಯಿತು. ಅಂದಿನಿಂದ ಆ ಪಟ್ಟಿಯನ್ನು ಒಮ್ಮೆ ಒತ್ತಿದರೆ ಎರಡು ಸಲ ಬಡಿಯುತ್ತದೆ, ಟಟ್ ಎಂದು. ಇರಲಿ, ದೇವರದೂ ಒಂದು ಬೆರಳಿರಲಿ ಎಂದು ಸುಮ್ಮನಾದೆ.

ಅದರ ಮೇಲೆಯೇ ಒಂದು ಧಾಟಿ ಕಟ್ಟಿದೆ. ಸಂಗೀತ ಕಲಿತವಳಲ್ಲ ನಾನು, ಕಾರ್ಖಾನೆಯ ಆಫೀಸಿನಲ್ಲಿ ದಿನವಿಡೀ ಬಿಲ್ಲು ಕುಟ್ಟುವವಳು. ಭಜನೆಯಲ್ಲಿ ಕಂಡವರ ಹಾಡಿಗೆಲ್ಲ ಬಾರಿಸಿ ಬಾರಿಸಿ, ನನ್ನದೆನ್ನುವುದು ಒಂದಾದರೂ ಇರಲಿ ಎಂಬ ಹಟ ಹುಟ್ಟಿತ್ತು. ನಮ್ಮ ಕನ್ನಡ ಹೆಣ್ಣುಮಕ್ಕಳ ಮಂಡಳಿ ಜೇಜುರಿಯ ಮೆಟ್ಟಿಲ ಮೇಲೆ ಅದನ್ನು ಹಾಡಬೇಕು, "ಇಕಿ ಕಟ್ಟಿದ್ದು" ಎನ್ನಬೇಕು. ಅಷ್ಟೇ ಆಸೆ.

ರೆಕಾರ್ಡ್ ಮಾಡಿಕೊಡುತ್ತೇನೆ ಎಂದವನು ನನ್ನ ಒಡಹುಟ್ಟಿದ ತಮ್ಮ. ಹಾಡುಗಳಿಗೆ ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವುದೇ ಅವನ ಕಸುಬು. ಒಂದು ಭಾನುವಾರ ಸಿಂಥ್ ಹೊತ್ತುಕೊಂಡು ಹಡಪಸರದ ಅವನ ಮನೆಗೆ ಹೋದೆ. ಅದರ ಬೆನ್ನಿಗೊಂದು ಯುಎಸ್‌ಬಿ ವಾಯರ್ ಚುಚ್ಚಿ, ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, "ಬಾರಸು," ಎಂದ. ಜೀವ ಕೈಯಲ್ಲಿ ಹಿಡಿದು ಬಾರಿಸಿದೆ. ತೆರೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಮೂಡಿದವು. ಮುಗಿಸಿ ಕಂಪ್ಯೂಟರಿನ ಸ್ಪೀಕರ್ ಹಚ್ಚಿದರೆ ಉಸಿರೇ ಇಲ್ಲ.

"ಧ್ವನಿ ಬಂದೇ ಇಲ್ಲಕ್ಕಾ. ಈ ವಾಯರ್ ನಡಿಯಂಗಿಲ್ಲ, ಬ್ಯಾರೆ ತರಬೇಕು. ಇದನ್ನ ಅಳಿಸಿಬಿಡ್ತೀನಿ."

"ಅಳಸಪಾ. ಮತ್ತ ಬರ್ತೀನಿ," ಎಂದೆ. ಇಂಥ ತಮ್ಮ ಯಾರಿಗುಂಟು ಎಂದುಕೊಳ್ಳುತ್ತ ಬಸ್ ಹತ್ತಿದೆ. ಎಂಥ ಬೆಪ್ಪುತಕ್ಕಡಿ ನಾನು!

ಬೇರೆ ವಾಯರ್ ಬರಲೇ ಇಲ್ಲ. ಅಮಾವಾಸ್ಯೆಗೆ ಮಂಡಳಿಯ ಜೊತೆ ಜೇಜುರಿಗೆ ಹೋದಾಗ, ಮೆಟ್ಟಿಲ ಬುಡದ ತೆಂಗಿನಕಾಯಿ ಅಂಗಡಿಯಲ್ಲಿ ಹೊಸ ಮರಾಠಿ ಹಾಡೊಂದು ಹತ್ತಿತ್ತು. ಧ್ವನಿ ಶಹನಾಯಿಯದು, ಧಾಟಿ ನನ್ನದು. ಹೋಲಿಕೆ ಇರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳುವಷ್ಟರಲ್ಲಿ ಶಹನಾಯಿ ನನ್ನ ಕರಿಪಟ್ಟಿ ಬರುವ ಜಾಗದಲ್ಲೇ ಎರಡು ಸಲ ಬಡಿಯಿತು, ಟಟ್! ಯಾವ ಶಹನಾಯಿ ಹಾಗೆ ತೊದಲುತ್ತದೆ? ಅಂಗಡಿಯವನ ಫೋನಿನಲ್ಲಿ ಸಂಗೀತ ಎಂದಿದ್ದ ಕಡೆ ತಮ್ಮನ ಹೆಸರಿತ್ತು. ಪಕ್ಕದಲ್ಲಿದ್ದ ಗೆಳತಿ ಇಣುಕಿ ನೋಡಿ, "ನಿಮ್ಮ ತಮ್ಮ ಭಾಳ ಛಲೋ ಕಟ್ಟ್ಯಾನಲ್ರೀ," ಎಂದಳು. ನಾನು ತೆಂಗಿನಕಾಯಿ ಕೊಂಡೆ.

ಆಮೇಲೆ ವಿಡಿಯೋ ನೋಡಿ ತಿಳಿದುಕೊಂಡೆ. ಆ ವಾಯರಿನಲ್ಲಿ ಹೋದದ್ದು ಧ್ವನಿಯಲ್ಲ. ಯಾವ ಪಟ್ಟಿ, ಯಾವಾಗ, ಎಷ್ಟು ಜೋರಾಗಿ ಒತ್ತಿದೆ ಎಂಬುದು ಮಾತ್ರ. ಅದಕ್ಕೆ ಬೇಕಾದ ವಾದ್ಯದ ಧ್ವನಿ ತೊಡಿಸಬಹುದಂತೆ. ಧ್ವನಿ ಬಂದಿಲ್ಲ ಎಂದದ್ದು ನಿಜವೇ, ಕಳ್ಳ! ನನ್ನ ಬೆರಳುಗಳನ್ನಷ್ಟೇ ಇಟ್ಟುಕೊಂಡಿದ್ದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಅದು ಗಂಡಸರ ಗಾದೆ ಎಂದುಕೊಂಡಿದ್ದೆ.

ಅವನ ಮನೆಗೆ ಹೋಗಿ ಕೇಳಿದೆ.

"ನಿನ್ನ ಸಿಂಥಿನ ಧ್ವನಿ ಅದರಾಗ ಎಲ್ಲಿ ಅದ? ತೋರ್ಸು," ಎಂದ.

ಅವನ ದೇವರ ಜಗಲಿಯಿಂದಲೇ ಭಂಡಾರದ ಬಟ್ಟಲು ತಂದು ಎದುರಿಗಿಟ್ಟೆ. ನಮ್ಮಲ್ಲಿ ಭಂಡಾರ ಮುಟ್ಟಿ ಸುಳ್ಳಾಡುವವರಿಲ್ಲ. ಅಪ್ಪ ಎಂಥೆಂಥ ಜಗಳಗಳನ್ನು ಹಾಗೇ ಮುಗಿಸಿದ್ದ. "ತಪ್ಪಾತಕ್ಕಾ" ಎಂದಿದ್ದರೆ ಹಾಡು, ಹೆಸರು ಎಲ್ಲ ಅವನಿಗೇ ಬಿಟ್ಟು ಬರುತ್ತಿದ್ದೆ, ದೇವರಾಣೆ.

"ಮುಟ್ಟಿ ಹೇಳು."

ಮುಟ್ಟಿದ. "ನಂದ ಟ್ಯೂನ್," ಎಂದ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಬಸ್ಸಿನಲ್ಲಿ ಅತ್ತೆ. ಧಾಟಿ ಹೋಯಿತೆಂದಲ್ಲ, ಆ ಬೆರಳು ಒರೆಸಿಕೊಂಡನಲ್ಲ, ಅದಕ್ಕೆ.

ಮೊನ್ನೆ ಅವನದೇ ಫೋನ್ ಬಂತು. "ಅಕ್ಕಾ, ಹೊಸಾದೇನರ ಕಟ್ಟೀಯೇನು? ಈ ಸಲ ಸರಿಯಾದ ವಾಯರ್ ತಂದೀನಿ, ಬಾ."