ನೀರು ಕೇಳಿದವಳು

ಮೈಮೇಲೆ ಬರುವುದು ಎಂದರೆ ನನಗೆ ಮೊದಲಿನಿಂದಲೂ ನಗು. ನಾನು ಹುಟ್ಟಿ ಬೆಳೆದದ್ದು ಸವದತ್ತಿಯಲ್ಲಿ. ಹುಣ್ಣಿಮೆಯ ಹಿಂದೆಮುಂದೆ ಕೂದಲು ಬಿಚ್ಚಿಕೊಂಡು ಕುಣಿಯುವವರನ್ನೂ ಅವರ ಕಾಲಿಗೆ ಬೀಳುವವರನ್ನೂ ನಮ್ಮ ಓಣಿಯಲ್ಲೇ ಬೇಕಾದಷ್ಟು ನೋಡಿದ್ದೇನೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. "ತಮ್ಮ ಮಾತ ಯಾರೂ ಕೇಳೂದಿಲ್ಲಂತ ಗೊತ್ತಾದ ಮ್ಯಾಲೆ ಮಂದಿ ದೇವರ ಬಾಯಿ ಕಡಾ ತಗೋತಾರವಾ" ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನನಗೇ ಆಗದೆ ಹೋಗಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಮೊದಲಲ್ಲಿ ನನ್ನನ್ನು ಕಟಕೋಳದ ಹತ್ತಿರದ ಒಂದು ಊರಿಗೆ ಕೊಟ್ಟರು. ಎರಡನೆಯ ಸಂಬಂಧ. ಮೊದಲ ಹೆಂಡತಿ ಶಾಂತವ್ವ ಬಸುರಿಯಿದ್ದಾಗ ಕಾಮಣಿ, ಅಂದರೆ ಕಾಮಾಲೆಯಾಗಿ ತೀರಿಕೊಂಡಳು ಎಂದು ಹೇಳಿದ್ದರು. ಅವಳು ನನ್ನ ಅತ್ತೆ ಗಂಗವ್ವನವರ ಸ್ವಂತ ಅಣ್ಣನ ಮಗಳು. ಮದುವೆಯ ದಿನ ಅತ್ತೆ ನನ್ನ ಕೊರಳಿಗೆ ಹೆಣ್ಣಿನ ಮುಖ ಮೂಡಿಸಿದ ಒಂದು ಸಣ್ಣ ಬೆಳ್ಳಿ ಬಿಲ್ಲೆ ಕಟ್ಟಿದರು. ಸತ್ತ ಸವತಿಯನ್ನು ಎರಡನೆಯವಳು ಹೀಗೆ ಕೊರಳಲ್ಲಿ ಇಟ್ಟುಕೊಳ್ಳಬೇಕು. ಹೊಸ ಸೀರೆಯನ್ನು ಮೊದಲು ಅವಳಿಗೆ ತೋರಿಸಿ ಉಡಬೇಕು, ಹೋಳಿಗೆಯನ್ನು ಅವಳಿಗೆ ಎಡೆ ಹಿಡಿದು ತಿನ್ನಬೇಕು. ಇಲ್ಲದಿದ್ದರೆ ಕಾಡುತ್ತಾಳಂತೆ. ಗಂಡನನ್ನೇ ಹಂಚಿಕೊಂಡಾಗಿದೆ, ಹೋಳಿಗೆಯದೇನು ಎಂದುಕೊಂಡು ಕಟ್ಟಿಸಿಕೊಂಡೆ.

ಚೊಚ್ಚಲ ಹೆರಿಗೆ ಪದ್ಧತಿಯಂತೆ ತವರಿನಲ್ಲಾಯಿತು. ಹಗಲು ರಾತ್ರಿ ಬೇನೆ ತಿಂದರೂ ಕೂಸು ಕೆಳಗಿಳಿಯಲಿಲ್ಲ. ಕೊನೆಗೆ ಆಪರೇಶನ್ ಮಾಡಿ ತೆಗೆದರು. ಹೆಣ್ಣು. ನೋಡಲು ಬಂದ ಅತ್ತೆ ಕೂಸಿಗಿಂತ ಮೊದಲು ನನ್ನ ಹೊಟ್ಟೆಯ ಹೊಲಿಗೆ ನೋಡಿದರು. "ಹೊಟ್ಟಿ ಕೊಯ್ಸಿಕೊಂಡಾಕಿ ಇನ್ನ ಕೊಡಾ ಹೊರತಾಳೇನ?" ಎಂದು ನಮ್ಮವ್ವನ ಮುಂದೆಯೇ ಅಂದರು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ವರ್ಷವೇ ನಾನು ಹೊಲಕ್ಕೆ ಬುತ್ತಿಯನ್ನೂ ಹೊತ್ತೆ, ಮನೆಗೆ ನೀರನ್ನೂ ಹೊತ್ತೆ. ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಮೂರು ವರ್ಷದ ಮೇಲೆ ಮತ್ತೆ ಬಸುರಾದೆ. ಎರಡನೆಯದು ಗಂಡನ ಮನೆಯ ಹೆರಿಗೆ. ತಿಂಗಳು ತುಂಬುತ್ತ ಬಂದಾಗ ಅತ್ತೆಯೇ ರಾಮದುರ್ಗದ ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಬಾಯಿ ಇಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ಒಮ್ಮೆ ಕೊಯ್ದ ಮೇಲೂ ತಾನಾಗಿ ಹೆರಿಗೆಯಾಗುವುದುಂಟು. ಆದರೆ ಬೇನೆಯಲ್ಲಿ ಹಳೆಯ ಹೊಲಿಗೆಯ ಜಾಗ ಬಿಟ್ಟುಕೊಂಡರೆ ತಾಯಿ ಕೂಸು ಇಬ್ಬರಿಗೂ ಅಪಾಯ. ಆದ್ದರಿಂದ ಅದನ್ನು ದವಾಖಾನೆಯಲ್ಲೇ, ಆಪರೇಶನ್ನಿನ ತಯಾರಿ ಇಟ್ಟುಕೊಂಡೇ ನೋಡಬೇಕು. ಬೇಡವೆಂದರೆ ಮೊದಲೇ ದಿನ ಗೊತ್ತುಮಾಡಿ ಆಪರೇಶನ್ ಮಾಡಿಬಿಡಬಹುದು. "ಎರಡೂ ಹೇಳೇನಿ. ನಿನಗ ಯಾವದು ಬೇಕು, ನೀನ ಹೇಳವಾ" ಎಂದು ನನ್ನ ಕಡೆ ತಿರುಗಿದರು. ಮದುವೆಯಾದ ಮೇಲೆ ನನ್ನ ಮೈಯ ವಿಚಾರವನ್ನು ನನ್ನನ್ನೇ ಕೇಳಿದವರು ಅವರೊಬ್ಬರೇ. ಮೊದಲ ಸಲದ ಬೇನೆ ನೆನಪಿತ್ತು. ಆಪರೇಶನ್ನೇ ಮಾಡಿರಿ ಎಂದೆ.

ಅತ್ತೆಯ ಕಿವಿಗೆ ಬಿದ್ದದ್ದು ಮಾತ್ರ "ತಾನಾಗಿ ಹೆರಿಗೆಯಾಗುವುದುಂಟು" ಎಂಬ ಅರ್ಧ ಮಾತು. ಇನ್ನರ್ಧವನ್ನು ಅವರು ರಾಮದುರ್ಗದಲ್ಲೇ ಬಿಟ್ಟು ಬಸ್ಸು ಹತ್ತಿದರು. ಎರಡು ಸಲ ಕೊಯ್ದರೆ ಡಾಕ್ಟರು ಮೂರನೆಯದಕ್ಕೆ ಬಿಡುವುದಿಲ್ಲ, ಇದೂ ಹೆಣ್ಣಾದರೆ ಮನೆತನದ ಗತಿಯೇನು ಎಂಬುದು ಅವರ ಚಿಂತೆ. ನಮ್ಮ ಮನೆಯವರದು ರಾಮದುರ್ಗದ ಪೇಟೆಯಲ್ಲಿ ದಲಾಲಿ ಅಂಗಡಿ. ಅಲ್ಲಿ ಹುಲಿ, ಅವ್ವನ ಮುಂದೆ ಇಲಿ. ನಾನು ಬಿಡದೆ ಹಟ ಹಿಡಿದಾಗ, ದೇವರನ್ನೇ ಕೇಳಿಬಿಡೋಣ ಎಂದು ತೀರ್ಮಾನವಾಯಿತು.

ಊರ ಬಸವಣ್ಣನ ಗುಡಿಯಲ್ಲಿ ಹೂ ಹಚ್ಚಿ ಕೇಳಿದರು. ಒದ್ದೆ ಮಾಡಿದ ಎಸಳುಗಳನ್ನು ದೇವರ ಎರಡೂ ಬದಿಗೆ ಹಚ್ಚುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಬಲಗಡೆಯದೇ ಬಿತ್ತು. ಆದರೆ ಅತ್ತೆ ಕೇಳಿದ ಪ್ರಶ್ನೆ ಏನು? "ಹೆರಿಗಿ ಸುಸೂತ್ರ ಆಕ್ಕೈತೇನಪಾ?" ಎಂದು. ಎಲ್ಲಿ, ಹೇಗೆ ಎಂದು ದೇವರನ್ನು ಕೇಳಲೇ ಇಲ್ಲ. ಸುಸೂತ್ರ ಎಂದರೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ ಎಂದು ಅವರೇ ಅರ್ಥ ಮಾಡಿಕೊಂಡು ಬಂದರು. ಬಸವಣ್ಣನಿಗಾದರೂ ಯಾರೂ ಕೇಳದೆಯೇ ಮಾತಾಡುವ ಹಕ್ಕಿತ್ತು, ಅವನೂ ಸುಮ್ಮನಿದ್ದ.

ಬೇನೆ ಶುರುವಾದದ್ದು ಬೆಳಿಗ್ಗೆ, ರೊಟ್ಟಿ ಬಡಿಯುವ ಹೊತ್ತಿಗೆ. ಒಳಮನೆಯಲ್ಲಿ ಅತ್ತೆ, ಹೆರಿಗೆಗೆಂದು ಬಂದಿದ್ದ ನಾದಿನಿ ಸುನಂದಾ, ಪಕ್ಕದ ಊರಿನ ಸೂಲಗಿತ್ತಿ. ನಮ್ಮ ಮನೆಯವರು ಹೊರಗೆ ಕಟ್ಟೆಯ ಮೇಲೆ. ಹೊಟ್ಟೆಯ ಕೆಳಗೆ ಹಳೆಯ ಗಾಯದ ಉದ್ದಕ್ಕೂ ಒಂದು ಉರಿ ಹತ್ತಿತು. ಬೇನೆ ಬಂದು ಹೋದರೂ ಆ ಉರಿ ಹೋಗಲಿಲ್ಲ. "ದವಾಖಾನಿಗೆ ಕರ್ಕೊಂಡ ನಡೀರಿ" ಎಂದೆ. ಕೂಗಿ ಹೇಳಿದೆ, ಅತ್ತು ಹೇಳಿದೆ, ಕಟ್ಟೆಗೆ ಕೇಳುವ ಹಾಗೆ ಹೇಳಿದೆ. "ಬ್ಯಾನಿ ಬಂದಾಗ ಎಲ್ಲಾರೂ ಹಂಗ ಅಂತಾರ, ಸುಮ್ನಿರು" ಎಂದರು ಅತ್ತೆ. ಕಟ್ಟೆಯಿಂದ ಒಂದು ಕೆಮ್ಮು ಕೇಳಿಸಿತು, ಅಷ್ಟೇ. ಬಿಸಿಲೇರಿತು. ಬಾಯಿ ಒಣಗಿ ನೀರು ಕೇಳಿದೆ. ಅದು ನನಗೆ ನೆನಪಿದೆ. ಅದರ ನಂತರ ನನಗೆ ನೆನಪಿರುವುದು ಜೀಪಿನ ತಗಡಿನ ಮಾಡು ಮತ್ತು ನನ್ನ ಕಾಲು ಹಿಡಿದುಕೊಂಡು ಅಳುತ್ತಿರುವ ಅತ್ತೆ.

ನಡುವೆ ಏನಾಯಿತೆಂದು ಆಮೇಲೆ ಸುನಂದಾಳೇ ಹೇಳಿದಳು. ನಾನು ಎದ್ದು ಕುಳಿತೆನಂತೆ. ನರಳಾಟ ನಿಂತಿತಂತೆ. ಕೊರಳ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಎಂದೂ 'ನೀವು' ಬಿಟ್ಟು ಮಾತಾಡದವಳು, ಅತ್ತೆಯನ್ನು ಮನೆಮಗಳ ಹಾಗೆ ಮಾತಾಡಿಸಿದೆನಂತೆ.

"ಅತ್ತೀ, ನನಗೂ ನೀರ ಕೊಡಲಿಲ್ಲ ನೀ. ನೀರ ಕುಡದ್ರ ಕೂಸ ಮ್ಯಾಲೆ ಏರತೈತಿ ಅಂದಿ. ಒದ್ದಿ ಅರಬಿ ತುಟಿಗೆ ಹಚ್ಚಿ ಕಸಗೊಂಡಿ. ಕೊಯ್ದ ಹೊಟ್ಟಿ ಹರದ ಸತ್ತೆ. ಕಾಮಣಿ ಅಂತ ಹೇಳಿದಿ. ಈಕಿನ್ನೂ ನನ್ನ ಹಿಂದ ಕಳಸ್ತೀ ಏನ?"

ಅತ್ತೆಯ ಕೈಯಲ್ಲಿದ್ದ ಎಣ್ಣೆಬಟ್ಟಲು ಕೆಳಗೆ ಬಿತ್ತಂತೆ. "ತಪ್ಪಾತ ಶಾಂತಾ, ತಪ್ಪಾತ ನನ ಮಗಳ" ಎಂದು ನನ್ನ ಕಾಲಿಗೆ ಬಿದ್ದರಂತೆ. ಬೆಳಗಿನಿಂದ ಯಾರೂ ಕರೆಯದ ಊರ ಜೀಪು ಆಗ ಬಾಗಿಲಿಗೆ ಬಂತು.

ರಾಮದುರ್ಗದಲ್ಲಿ ಹೋದ ಕೂಡಲೆ ಆಪರೇಶನ್ ಮಾಡಿದರು. ಗಂಡು. ಅಳುವುದಕ್ಕೆ ಸ್ವಲ್ಪ ತಡಮಾಡಿದ, ಆದರೆ ಅತ್ತ. ಹಳೆಯ ಹೊಲಿಗೆಯ ಜಾಗ ಕಾಗದದಷ್ಟು ತೆಳ್ಳಗಾಗಿ ಬಿಡಲು ಶುರುವಾಗಿತ್ತು, ಇನ್ನಷ್ಟು ಹೊತ್ತಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಬಾಯಿ. "ಸರಿಯಾದ ಹೊತ್ತಿಗೆ ತಂದ್ರಿ. ಯಾರ ಹೇಳಿದ್ರು?" ಎಂದು ಕೇಳಿದರು. ಅತ್ತೆ, "ದೇವರ ಬುದ್ಧಿ ಕೊಟ್ಟ ನೋಡ್ರಿ" ಎಂದರು. ನಾನು ಹಾಸಿಗೆಯ ಮೇಲೆ ಎಚ್ಚರವಾಗಿಯೇ ಇದ್ದೆ.

ಶಾಂತವ್ವ ಸತ್ತದ್ದು ಕಾಮಣಿಯಿಂದಲ್ಲ ಎಂಬುದು ಹೀಗೆ ಹೊರಗೆ ಬಂತು. ಅವಳಿಗೂ ಮೊದಲ ಸಲ ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿತ್ತಂತೆ, ಆ ಕೂಸು ಉಳಿದಿರಲಿಲ್ಲ. ಎರಡನೆಯದಕ್ಕೆ ಅದೇ ಒಳಮನೆ. ನನ್ನ ಗಂಡನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕಟ್ಟೆಯ ಮೇಲೆ ಕುಳಿತು ಕೆಮ್ಮಿದ ಮನುಷ್ಯನ ಜೊತೆ ನಾನು ಇವತ್ತಿಗೂ ಸಂಸಾರ ಮಾಡುತ್ತಿದ್ದೇನೆ. ಅದು ದೆವ್ವದ ಕತೆಗಿಂತ ವಿಚಿತ್ರ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಆಮೇಲೆ ಆ ಮನೆಯಲ್ಲಿ ಮರ್ಯಾದೆಯೇನೋ ಹೆಚ್ಚಿತು, ನನ್ನದಲ್ಲ, ಬಿಲ್ಲೆಯದು. ಬೆಳ್ಳಿಯದನ್ನು ತೆಗೆಸಿ ಬಂಗಾರದ್ದು ಮಾಡಿಸಿದರು. ಅಮಾವಾಸ್ಯೆಗೆ ಅದಕ್ಕೆ ಹಾಲಿನ ಎಡೆ, ಶ್ರಾವಣದಲ್ಲಿ ಹಸಿರು ಸೀರೆ. ಅತ್ತೆ ಬಿಲ್ಲೆಗೆ ಕೈಮುಗಿಯುವಾಗ ನನ್ನ ಎದೆಯ ಮುಂದೆಯೇ ನಿಲ್ಲುತ್ತಿದ್ದರು, ಕಣ್ಣೆತ್ತಿ ನನ್ನ ಮುಖ ನೋಡುತ್ತಿರಲಿಲ್ಲ. ತಪ್ಪಾಯಿತು ಎಂಬ ಮಾತನ್ನು ಸಾಯುವವರೆಗೂ ನನಗೆ ಅವರು ಹೇಳಲಿಲ್ಲ.

ನಾನು ಇದನ್ನು ಬಗೆಹರಿಸಲು ಬಹಳ ಯತ್ನಿಸಿದ್ದೇನೆ. ಸುನಂದಾ ಜಗಳವಾದಾಗಲೆಲ್ಲ, "ವೈನಿ, ಅವತ್ತ ಬೇಷ್ ನಾಟಕ ಮಾಡಿದ್ರಿ ಬಿಡ್ರಿ" ಎನ್ನುತ್ತಾಳೆ. ನಾಟಕವೇ ಆಗಿದ್ದರೆ ನನಗೆ ಎಷ್ಟೋ ಹೆಮ್ಮೆಯಾಗುತ್ತಿತ್ತು. ಅಪ್ಪ ಹೇಳುತ್ತಿದ್ದ ಹಾಗೆ ನನ್ನ ಮನಸ್ಸೇ ಇನ್ನೊಬ್ಬಳ ಬಾಯಿ ಕಡ ತಂದಿತೇ ಎಂದೂ ಯೋಚಿಸಿದ್ದೇನೆ. ಶಾಂತವ್ವ ಹೆರಿಗೆಯಲ್ಲಿ ಸತ್ತದ್ದನ್ನು ಊರಿನ ಯಾರೋ ಆಡಿರಬಹುದು, ಅರ್ಧ ಮಾತು ನನ್ನ ಕಿವಿಗೂ ಬಿದ್ದಿರಬಹುದು. ಆದರೆ ಆ ನೀರು? ಆ ಒದ್ದೆ ಬಟ್ಟೆ? ಶಾಂತವ್ವ ಸತ್ತ ದಿನ ಒಳಗಿದ್ದವರು ಅತ್ತೆ ಮತ್ತು ಒಬ್ಬ ಮುದಿ ಸೂಲಗಿತ್ತಿ. ಸೂಲಗಿತ್ತಿ ನಾನು ಆ ಊರಿಗೆ ಬರುವ ಮೊದಲೇ ಸತ್ತಿದ್ದಳು. ಅತ್ತೆ ಅದನ್ನು ಯಾರಿಗೂ ಹೇಳಿರಲಿಲ್ಲ ಎಂದು ಸುನಂದಾಳ ಮುಂದೆ ಬಸವಣ್ಣನ ಆಣೆ ಮಾಡಿ ಹೇಳಿದ್ದರು. ಇಲ್ಲಿಗೆ ಬಂದರೆ ನನ್ನ ಬುದ್ಧಿ ನಿಲ್ಲುತ್ತದೆ.

ಸತ್ತವಳು ಬಂದು ನನ್ನನ್ನು ಉಳಿಸಿದಳು ಎಂದು ಊರಿನವರು ಹೇಳುವಾಗ ನಾನು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಬದುಕಿರುವ ನಾನು ಬೆಳಗಿನಿಂದ ಹೇಳಿದ್ದೂ, ಸತ್ತ ಅವಳು ಮಧ್ಯಾಹ್ನ ಹೇಳಿದ್ದೂ ಒಂದೇ ಮಾತು. ಅವಳ ಮಾತನ್ನು ಕೇಳಿದರು. ಅವಳೂ ಜೀವವಿದ್ದಾಗ ಅದೇ ಒಳಮನೆಯಲ್ಲಿ ಅದನ್ನೇ ಕೂಗಿ ಹೇಳಿರಬೇಕು. ಆದರೆ ಅವಳಿಗಾಗಿ ಬಂದು ಮಾತಾಡಲು, ಅವಳಿಗಿಂತ ಮೊದಲು ಆ ಮನೆಯಲ್ಲಿ ಯಾರೂ ಹಾಗೆ ಸತ್ತಿರಲಿಲ್ಲ.