ಗೆಳತಿ ಜ್ಯೂರಿಗೆ ಹೋದ ವಾರ

ಡಾಟ್‌ಕಾಂ ಕಂಪನಿಗಳ ಅಬ್ಬರ ಜೋರಾಗಿದ್ದ ವರ್ಷಗಳಲ್ಲಿ ನಾವು ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೆವು. ಗಂಡನ ವೀಸಾದ ಬೆನ್ನಿಗೆ ಬಂದ ನನಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಮೈಸೂರಿನ ಕೋರ್ಟಿನಲ್ಲಿ ಮೂರು ವರ್ಷ ವಕೀಲಿಕೆ ಮಾಡಿದ್ದವಳು, ಇಲ್ಲಿ ಫಾರ್ಮುಗಳಲ್ಲಿ ಉದ್ಯೋಗ ಎಂದಿದ್ದ ಕಡೆ 'ಗೃಹಿಣಿ' ಎಂದು ಬರೆಯುತ್ತಿದ್ದೆ.

ಒಂದು ದಿನ ಹಳೆಯ ವಿಳಾಸಕ್ಕೆ ಹೋಗಿ ಸುತ್ತಿ ಬಂದ ಲಕೋಟೆ ಸಿಕ್ಕಿತು. ಜ್ಯೂರಿ ಸೇವೆಗೆ ಹಾಜರಾಗಬೇಕೆಂದು ಕೋರ್ಟಿನ ಕರೆ. ಸಾಮಾನ್ಯ ಜನ ಹನ್ನೆರಡು ಮಂದಿ ಕೂತು ತೀರ್ಪು ಕೊಡುವುದನ್ನು ಕಾಲೇಜಿನ ಪುಸ್ತಕದಲ್ಲಷ್ಟೇ ಓದಿದ್ದೆ. ಅಲ್ಲೇ ನಿಂತು ಓದತೊಡಗಿದೆ. ಪುಟ ತಿರುವಿದರೆ ಮೊದಲ ಪ್ರಶ್ನೆಯೇ, ನೀವು ಈ ದೇಶದ ಪ್ರಜೆಯೇ? 'ಅಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಜ್ಯೂರಿಗೆಂದು ಡ್ರೈವಿಂಗ್ ಲೈಸೆನ್ಸಿನ ಪಟ್ಟಿಯಿಂದ ನನ್ನ ಹೆಸರು ಎತ್ತಿಕೊಂಡಿದ್ದರಂತೆ. ಲೈಸೆನ್ಸಿನಲ್ಲಿ ವಿಳಾಸ ಬದಲಿಸುವ ಫಾರ್ಮು, ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸುವ ಕಾರ್ಡು, ಎರಡನ್ನೂ ತುಂಬುತ್ತಿದ್ದಾಗ ಮೇಲಿನ ಮನೆಯ ಗೆಳತಿ ಬಂದಳು. ಹಾಸನದವಳು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹಿಂದಿನ ವರ್ಷವಷ್ಟೇ ಪೌರತ್ವ ಸಿಕ್ಕಿತ್ತು. ಅವಳ ಕೈಯಲ್ಲೂ ಅಂಥದೇ ಲಕೋಟೆ.

"ಮುಂದಿನ ವಾರ ಸಾಫ್ಟ್‌ವೇರ್ ರಿಲೀಸು ಇದೆ ಕಣೇ, ಆಫೀಸಲ್ಲಿ ಏನ್ ಹೇಳ್ಲಿ? ನೀನು ಲಕ್ಕಿ, ಟಿಕ್ ಹಾಕಿ ಕಳಿಸಿದ್ರೆ ಮುಗೀತು," ಎಂದಳು. ನನ್ನ ಕಾಗದಗಳನ್ನೂ ತಾನೇ ಪೋಸ್ಟ್ ಮಾಡುವುದಾಗಿ ತೆಗೆದುಕೊಂಡು ಹೋದಳು. ಕೋರ್ಟಿಗೆ ಹೋಗಲಿರುವವಳು ನನ್ನನ್ನು ಲಕ್ಕಿ ಎಂದದ್ದಕ್ಕೆ ಹೊಟ್ಟೆಕಿಚ್ಚಾಯಿತು.

ಸೋಮವಾರ ಸ್ಯಾನ್ ಹೋಸೆ ಕೋರ್ಟಿಗೆ ಹೋದವಳು ಸಂಜೆ ಬಂದು, "ಆಯ್ಕೆ ಆಗ್ಬಿಟ್ಟೆ! ಈ ವಾರ ಮಗಳನ್ನ ಡೇಕೇರಿಂದ ಕರ್ಕೊಂಡು ಬರ್ತೀಯಾ?" ಎಂದು ಕೇಳಿದಳು.

"ಆಗಲ್ಲ ಕಣೇ. ಅಡ್ರೆಸ್ ಬದಲಾಯಿಸೋಕೆ ಓಡಾಡ್ಬೇಕು."

ಆ ಕಾಗದಗಳನ್ನು ಅಂಚೆಗೆ ಹಾಕಿದ್ದು ಅವಳೇ. ಒಂದು ಕ್ಷಣ ನನ್ನ ಮುಖ ನೋಡಿ, "ಸರಿ ಬಿಡು," ಎಂದು ಮೆಟ್ಟಿಲು ಹತ್ತಿದಳು.

ಮರುದಿನ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಜಾಕೆಟ್ಟು ತೊಟ್ಟು ಕಾರು ಹತ್ತುವುದನ್ನು ಕಿಟಕಿಯ ಹಿಂದೆ ನಿಂತು ನೋಡಿದೆ. ಕಾನೂನಿನ ಒಂದಕ್ಷರ ಓದದವಳು! ಅವಳಿಗೆ ಕೇಸು ತಲೆಗೆ ಹೋಗದಿರಲಿ, ಜಡ್ಜು ಮನೆಗೆ ಕಳಿಸಲಿ ಎಂದು ನಿಜವಾಗಿಯೂ ಹಾರೈಸಿದೆ.

ಬುಧವಾರ ಸಂಜೆ ಅವಳ ಗಂಡ ಫೋನಿನಲ್ಲೇ ಮೀಟಿಂಗು ನಡೆಸುತ್ತ ಪಾರ್ಕಿಂಗಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಐದು ವರ್ಷದ ಮಗಳು ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಚ್ಚಿ ಕಟ್ಟುತ್ತಿದ್ದಳು. ನಾಚಿಕೆಯಾಗಿ ಅವಳನ್ನು ಮನೆಗೆ ಕರೆತಂದು ಉಪ್ಪಿಟ್ಟು ಕೊಟ್ಟೆ. ಕೊಟ್ಟದ್ದೇ ಕೇಳಿಯೂಬಿಟ್ಟೆ, "ಅಮ್ಮ ಕೇಸಿನ ಬಗ್ಗೆ ಏನಾದ್ರೂ ಹೇಳಿದ್ಲಾ ಪುಟ್ಟಾ?"

"ಶೀ ಕಾಂಟ್ ಟೆಲ್ ಎನಿಬಡಿ, ಆಂಟಿ. ಇಟ್ಸ್ ದ ರೂಲ್."

ಮಗುವಿಗೆ ಗೊತ್ತಿದ್ದ ನಿಯಮ ವಕೀಲೆಗೆ ಗೊತ್ತಿರಲಿಲ್ಲವೇ! ಉಳಿದ ಎರಡು ದಿನವೂ ಡೇಕೇರಿಗೆ ನಾನೇ ಹೋದೆ.

ಶುಕ್ರವಾರ ತೀರ್ಪು ಕೊಟ್ಟು ಬಂದವಳು, ಇನ್ನು ಹೇಳಬಹುದೆಂದು ನಮ್ಮ ಸೋಫಾದಲ್ಲಿ ಕಾಲು ಚಾಚಿ ಎಲ್ಲವನ್ನೂ ಹೇಳಿದಳು. ನಿಂತ ಕಾರಿನಲ್ಲಿದ್ದವಳು ತಟ್ಟನೆ ಬಾಗಿಲು ತೆರೆದಾಗ ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಅದಕ್ಕೆ ಬಡಿದು ಬಿದ್ದಿದ್ದ. ಅವನ ಕಿವಿಯಲ್ಲಿ ಹೆಡ್‌ಫೋನು ಇತ್ತಂತೆ. ತಪ್ಪು ಅವನದೇ ಎಂದು ಕಾರಿನವಳ ವಾದ.

ನನಗೆ ತಡೆಯಲಾಗಲಿಲ್ಲ. "ತೆರೆಯೋ ಮುಂಚೆ ಕಾರಿನ ಬಾಗಿಲು ಏನಾದ್ರೂ ಸದ್ದು ಮಾಡುತ್ತಾ? ಕಿವಿ ಖಾಲಿ ಇದ್ದಿದ್ರೂ ಅವನು ಬೀಳ್ತಿದ್ದ. ಹಿಂದೆ ನೋಡ್ಬೇಕಾದ್ದು ಅವಳು."

ಗೆಳತಿ ಎದ್ದು ಕೂತಳು. "ಅಯ್ಯೋ, ಒಂದು ದಿನವೆಲ್ಲ ಕಿತ್ತಾಡಿ ನಾವೂ ಅಲ್ಲಿಗೇ ಬಂದ್ವಿ! ನೀನಿದ್ದಿದ್ರೆ ಅರ್ಧ ಗಂಟೇಲಿ ಮುಗೀತಿತ್ತು."

ಹಿಗ್ಗಬೇಕಿತ್ತು, ಬದಲಿಗೆ ಉರಿ ಹೆಚ್ಚಾಯಿತು. ನಾವಿಬ್ಬರೂ ಹೇಳಿದ್ದು ಒಂದೇ. ಅವಳು ಹೇಳಿದ್ದು ತೀರ್ಪಾಯಿತು. ಆದರೂ ಅವಳನ್ನು ಏಳಲು ಬಿಡಲಿಲ್ಲ. ಎರಡನೆಯ ಸಲ ಕಾಫಿ ಮಾಡಿ, ಮೊದಲು ಯಾರು ಒಪ್ಪಲಿಲ್ಲ, ಆಮೇಲೆ ಯಾಕೆ ಒಪ್ಪಿದರು ಎಂದು ಜ್ಯೂರಿಯ ಒಬ್ಬೊಬ್ಬರ ಬಗ್ಗೆಯೂ ಅವಳನ್ನು ಕೆದಕಿ ಕೇಳಿದೆ.