ಗೌಡರ ಗೇಮು, ಮೂರ್ತಿಯ ಮರಗಸಿ

ಬಾಳೂರಿನ ಚನ್ನಕೇಶವ ಗೌಡರ ತೋಟದಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುವ ರೈಟರಾಗಿದ್ದ ಓಂಕಾರಮೂರ್ತಿಗೆ ಕಂಪ್ಯೂಟರಿನ ಮೇಲೆ ದ್ವೇಷವೇನೂ ಇರಲಿಲ್ಲ. ಎರಡು ಸಾವಿರದ ಎರಡರಲ್ಲಿ, ಆಳುಗಳ ಹಾಜರಿ ಬರೆಯುವುದಕ್ಕೆಂದು ಅದು ಆಫೀಸಿಗೆ ಬಂದಾಗ ಅರಿಶಿನ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದವನೇ ಅವನು. ಹಾಜರಿ ಮಾತ್ರ ಪುಸ್ತಕ ಬಿಟ್ಟು ಏಳಲಿಲ್ಲ. ಏಕೆಂದರೆ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಗೌಡರ ಮಗ ತನ್ಮಯ್ ರಜೆಗೆ ಬಂದವನು, ಸ್ಕೆಚ್ ಪೆನ್ನಿನಲ್ಲಿ ಹೆಸರು ಗೀಚಿದ್ದ ಕಾಪಿ ಸೀಡಿಯಿಂದ ಅಪ್ಪನಿಗೊಂದು ಗೇಮು ಹಾಕಿಕೊಟ್ಟ. ಹೋದವನು ಹೋದ. ಅವತ್ತಿನಿಂದ ಆ ಕುರ್ಚಿ ಬಿಟ್ಟು ಗೌಡರು ಎದ್ದರೆ ಕೇಳಿ.

ರಾಜ್ಯ ಕಟ್ಟುವ ಆಟ ಅದು. ಪರದೆಯ ಮೇಲೆ ಅಕ್ಕಿಕಾಳಿನಷ್ಟು ಆಳುಗಳಿರುತ್ತಾರೆ. ಅವರನ್ನು ಕೆಲಸಕ್ಕೆ ಹಚ್ಚಿ ಸೌದೆ, ಧಾನ್ಯ, ಚಿನ್ನ ಕೂಡಿಸಬೇಕು, ಮನೆ ಕಟ್ಟಬೇಕು, ಸೈನ್ಯ ಬೆಳೆಸಬೇಕು. ಅಷ್ಟರಲ್ಲಿ ಕೆಂಪು ಬಣ್ಣದ ಶತ್ರು ಬಂದು ಮೇಲೆ ಬೀಳುತ್ತಾನೆ. ಆಗ ಮೂಡಿಗೆರೆ ಸೀಮೆಯ ಅರ್ಧ ಪ್ಲಾಂಟರುಗಳಿಗೆ ಈ ಹುಚ್ಚು ಹತ್ತಿತ್ತು. ಕಾಫಿ ರೇಟು ಮಕಾಡೆ ಮಲಗಿತ್ತು, ಮಾತಾಡಲು ಬೇರೆ ವಿಷಯವೂ ಇರಲಿಲ್ಲವೆನ್ನಿ. ಬಣಕಲ್ಲಿನ ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಯಾರ ಕೋಟೆ ಎಷ್ಟು ನಿಮಿಷಕ್ಕೆ ಎದ್ದಿತು, ಯಾರು ಕೀಬೋರ್ಡಿನಲ್ಲಿ ಕಳ್ಳ ಕೋಡು ಹೊಡೆದು ಚಿನ್ನ ತರಿಸಿಕೊಂಡರು ಎಂದು ಮೀಸೆ ನರೆತವರು ಜಗಳವಾಡುತ್ತಿದ್ದರು. ಕಳಸದ ಕಡೆ ತೋಟ ಇದ್ದ ಗೌಡರ ಷಡ್ಡಕರಂತೂ, ತಮ್ಮ ಆನೆಗಳ ಸೈನ್ಯ ಸಿದ್ಧವಾಯಿತೆಂದು ತಿಳಿಸಲು ಬೆಳಿಗ್ಗೆ ಏಳು ಗಂಟೆಗೆ ಫೋನು ಮಾಡಿದ್ದರು. ತೋಟಕ್ಕೆ ನಿಜವಾದ ಆನೆ ನುಗ್ಗಿದಾಗಲೂ ಫೋನು ಮಾಡಿದವರಲ್ಲ.

ಎಲ್ಲರೂ ಒಂದಲ್ಲ ಒಂದು ದಿನ ಗೆದ್ದರು. ಗೌಡರೊಬ್ಬರು ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಗೆಲ್ಲಲಿಲ್ಲ. ಯಾಕೆಂದು ಮೂರ್ತಿಗೆ ಗೊತ್ತಿತ್ತು. ಹಾಜರಿ ಪುಸ್ತಕಕ್ಕೆ ಸಹಿ ಬೇಕೆಂದು ದಿನಾ ಬೆನ್ನ ಹಿಂದೆ ಕಾದು ನಿಂತು ಅವನಿಗೂ ಆಟ ಬಾಯಿಪಾಠವಾಗಿತ್ತು. ಗೌಡರು ಮರ ಕಡಿಸುತ್ತಿರಲಿಲ್ಲ! ಇದ್ದಬದ್ದ ಆಳುಗಳನ್ನೆಲ್ಲ ಹಣ್ಣು ಕೊಯ್ಲಿಗೆ ಹಾಕುತ್ತಿದ್ದರು. ಹಣ್ಣು ಮುಗಿಯುತ್ತಿತ್ತು, ಸೌದೆಯಿಲ್ಲದೆ ಮನೆ ಏಳುತ್ತಿರಲಿಲ್ಲ, ಆಳುಗಳು ಬೆಪ್ಪಾಗಿ ನಿಲ್ಲುತ್ತಿದ್ದರು. ಕೆಂಪಿನವರು ಬಂದು ಬೆಂಕಿ ಹಚ್ಚಿ ಹೋದ ಮೇಲೆ ಗೌಡರು ಉಸಿರು ಬಿಟ್ಟು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು.

ನೋಡಿ ನೋಡಿ ಮೂರ್ತಿಗೆ ರೋಸಿಹೋಯಿತು. ಆಟ ಸೋತರೆ ಸೋಲಲಿ, ಅವನ ಅಪ್ಪನ ಗಂಟೇನು ಹೋಗಬೇಕು? ಆದರೆ ಈಗ ತೋಟವೇ ಹೋಗುವ ಹಾಗಿತ್ತು. ಮಳೆಗಾಲಕ್ಕೆ ಮುಂಚೆ ನೆರಳಿನ ಮರ ಹತ್ತಿ, ಒತ್ತಾದ ಕೊಂಬೆ ಸವರಿ ಕಾಫಿ ಗಿಡಕ್ಕೆ ಬೆಳಕು ಬಿಡಬೇಕು. ಅದೇ ಮರಗಸಿ. ಅದು ತಪ್ಪಿದರೆ ಥಂಡಿಗೆ ಕೊಳೆರೋಗ ಬಂದು ಕಾಯೆಲ್ಲ ನೆಲದ ಪಾಲು. ಮೇ ತಿಂಗಳ ಎರಡನೇ ವಾರ ಮುಗಿಯುತ್ತ ಬಂದಿತ್ತು. ಕೆಳಗಿನ ಬ್ಲಾಕಿನಲ್ಲಿ ಹಾಡುಹಗಲೇ ಕತ್ತಲೆ. ಮರಗಸಿ ತಂಡ ಕಟ್ಟಿಕೊಂಡಿದ್ದ ಧರ್ಮೇಶ್, ಸೋಮವಾರದೊಳಗೆ ಹೇಳದಿದ್ದರೆ ಹೊರನಾಡಿನ ಕಡೆಯ ತೋಟಕ್ಕೆ ಹೋಗುತ್ತೇನೆಂದು ಎರಡು ಸಲ ಹೇಳಿ ಹೋಗಿದ್ದ. ಅವನು ಹೋದರೆ ಮಳೆಗೆ ಮುಂಚೆ ಇನ್ನೊಂದು ತಂಡ ಸಿಗುವುದು ಕನಸು.

ಕೇಳಿದಾಗಲೆಲ್ಲ ಗೌಡರದು ಒಂದೇ ಉತ್ತರ. ಇರು ಮಾರಾಯ, ನೋಡಣ. ಏನನ್ನು ನೋಡುವುದು, ಮಣ್ಣಾಂಗಟ್ಟಿ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಹದಿನೈದು ದಿನ ಬಾರಿಸಿದ್ದಾಯಿತು. ಗೌಡರ ಹೆಂಡತಿ ತುಂಗಮ್ಮನವರಿಗೆ ದೂರು ಕೊಟ್ಟರೆ, ಯಜಮಾನರು ನನ್ನ ಮಾತು ಕೇಳಿ ಎಷ್ಟು ಕಾಲವಾಯಿತು ಎಂದು ಒಂದು ಲೋಟ ಕಾಫಿ ಕೊಟ್ಟು ಕಳಿಸಿದರು.

ಶನಿವಾರ ಬೆಳಿಗ್ಗೆ ಗೌಡರು ನೀರು ಕುಡಿಯಲು ಒಳಗೆ ಹೋದರು. ಮೂರ್ತಿ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಧಣಿಗಳ ಕುರ್ಚಿಯಲ್ಲಿ ಕೂತ. ಮೌಸು ಹಿಡಿದು ನಾಲ್ಕು ಆಳುಗಳನ್ನು ಆರಿಸಿ ಮರದ ಕಡೆ ಅಟ್ಟಿದ. ಅವು ತುರುತುರು ಓಡಿ ಟಕ್ ಟಕ್ ಎಂದು ಕೊಡಲಿ ಬೀಸತೊಡಗಿದವು. ಗೌಡರು ಬಾಗಿಲಲ್ಲೇ ನಿಂತರು. ಮೂರ್ತಿ ಏಳಲಿಲ್ಲ. ಬಯ್ದರೆ ಬಯ್ಯಲಿ, ಇವತ್ತು ಇತ್ಯರ್ಥವಾಗಲೇಬೇಕು.

"ಮರಕ್ಕೆ ಕೈ ಹಾಕದೆ ರಾಜ್ಯನೂ ಇಲ್ಲ, ತೋಟನೂ ಇಲ್ಲ ಸಾರ್" ಎಂದ.

ಗೌಡರು ಬಯ್ಯಲಿಲ್ಲ. ಬಂದು ಅವನ ಕೈ ಮೇಲೆ ಕೈ ಇಟ್ಟರು.

"ಮರದ ಹತ್ರ ಕಳಿಸ್ಬೇಡ ಅವ್ರನ್ನ, ಮೂರ್ತಿ."

ಮೂರ್ತಿಗೆ ಆಗ ಹೊಳೆಯಿತು. ಹಿಂದಿನ ಮೇ ತಿಂಗಳಲ್ಲಿ ಧರ್ಮೇಶನ ಅಪ್ಪ ಚಿಕ್ಕಯ್ಯ ಇದೇ ಮರಗಸಿಯಲ್ಲಿ ನಂದಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ್ದು ಗೌಡರೇ. ಆಮೇಲೆ ಅವನ ಮುಖ ನೋಡಿದವರಲ್ಲ. ಅಕ್ಕಿ, ಔಷಧಿ ಎಲ್ಲ ಮೂರ್ತಿಯ ಕೈಯಲ್ಲಿ ಹೋಗುತ್ತಿತ್ತು. ದೊಡ್ಡವರು ಇರುವುದೇ ಹೀಗೆ ಎಂದುಕೊಂಡಿದ್ದ ಅವನು. ಈಗ ಅಯ್ಯೋ ಅನ್ನಿಸಿತು, ಅದರ ಹಿಂದೆಯೇ ಇನ್ನಷ್ಟು ಸಿಟ್ಟೂ ಬಂತು.

"ಹಾಗಾದ್ರೆ ಅವನ ಮನೆಗೆ ಹೋಗಿ ಸಾರ್. ಇಲ್ಲಿ ಕೂತು ಈ ಗೊಂಬೆಗಳನ್ನ ಕಾಯ್ತಿದ್ರೆ ಏನ್ ಬಂತು?"

ಹೇಳಿದ ಮೇಲೆ, ಕೆಲಸ ಹೋಯಿತು ಎಂದುಕೊಂಡ. ಗೌಡರು ಚಪ್ಪಲಿ ಮೆಟ್ಟಿಕೊಂಡು ಆಳುಗಳ ಮನೆಗಳಿದ್ದ ಲೈನಿನ ಕಡೆ ನಡೆದರು. ಮೂರ್ತಿ ಹಿಂದೆಯೇ ಓಡಿದ.

ಚಿಕ್ಕಯ್ಯ ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಅವನ ಹೆಂಡತಿ ಸಿದ್ದಮ್ಮ ಚಾಪೆ ಹಾಸಿ ಗೋಡೆಗೊರಗಿ ನಿಂತಳು. ಗೌಡರು ಚಾಪೆಯ ಅಂಚಿನಲ್ಲಿ ಕೂತರು. ಚಿಕ್ಕಯ್ಯನೇ ಶುರು ಮಾಡಿದ.

"ಮರದಿಂದ ಬಿದ್ದಿದ್ದು ನನ್ನ ಗ್ರಾಚಾರ ಅಯ್ಯಾ. ಒಂದು ವರ್ಷ ಈ ಕಡೆ ತಲೆ ಹಾಕ್ದೆ ಇದ್ರಲ್ಲ, ಅದು ಯಾರ ಗ್ರಾಚಾರ?"

"ಅವತ್ತು ಹನಿ ಬಿದ್ದಾಗ ನೀನು ಇಳೀತೀನಿ ಅಂದೆ" ಎಂದರು ಗೌಡರು. "ಇನ್ನೊಂದೇ ಕೊಂಬೆ, ಮುಗಿಸು ಅಂದೋನು ನಾನು."

ಇದು ಮೂರ್ತಿಗೆ ಗೊತ್ತಿರಲಿಲ್ಲ. ಚಿಕ್ಕಯ್ಯ ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಸಿದ್ದಮ್ಮ ಗೌಡರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಒಳಗೆ ಹೋದಳು. ಅವರು ಏಳುವ ತನಕ ಹೊರಗೆ ಬರಲಿಲ್ಲ.

ಚಿಕ್ಕಯ್ಯ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡ. ಮಗ ಹತ್ತುವುದು ಹತ್ತಲೇಬೇಕು, ಇಲ್ಲಿ ಅಲ್ಲದಿದ್ದರೆ ಇನ್ನೊಬ್ಬರ ತೋಟದಲ್ಲಿ ಹತ್ತುತ್ತಾನೆ, ಅದಕ್ಕಿಂತ ಇಲ್ಲೇ ಆಗಲಿ ಎಂದ. ಆದರೆ ಒಂದು ಮಾತು.

"ಅವನು ಹತ್ತಿದ ಮರದ ಬುಡದಲ್ಲಿ ನೀವು ನಿಂತಿರ್ಬೇಕು. ಇಳಿಸೋದು ನಿಮ್ಮ ಜವಾಬ್ದಾರಿ."

ಸೋಮವಾರ ಮರಗಸಿ ಶುರುವಾಯಿತು, ಮೂರ್ತಿಗೆ ಹೊಸ ತಲೆನೋವು ಗಂಟುಬಿತ್ತು. ಗೌಡರು ಬೆಳಗಿಂದ ಸಂಜೆಯವರೆಗೆ ಕತ್ತೆತ್ತಿಕೊಂಡು ನಿಲ್ಲುತ್ತಿದ್ದರು. ಮೋಡ ಕಂಡರೂ ಇಳಿ, ಗಾಳಿ ಬೀಸಿದರೂ ಇಳಿ. ಹನ್ನೆರಡು ಮರ ಆಗಬೇಕಾದ ಕಡೆ ಐದಾಗುತ್ತಿತ್ತು. ಹೀಗಾದರೆ ದೀಪಾವಳಿಗೆ ಮುಗಿದೀತು ಎಂದು ಮೂರ್ತಿ ಅವರಿಗೆ ಕೇಳಿಸುವಂತೆಯೇ ಗೊಣಗಿದ.

ಮೂರನೆಯ ದಿನ ಮಧ್ಯಾಹ್ನ ಧರ್ಮೇಶ್ ದೊಡ್ಡ ಹಲಸಿನ ಮರದ ಮೇಲಿದ್ದ. ಗೌಡರ ಹಣೆಯ ಮೇಲೆ ದಪ್ಪ ಹನಿಯೊಂದು ಬಿತ್ತು. ಇಳಿ ಎಂದರು.

"ಇನ್ನೊಂದೇ ಕೊಂಬೆ ಅಯ್ಯಾ, ಮುಗ್ಸಿ ಇಳೀತೀನಿ" ಎಂದ ಅವನು ಮೇಲಿಂದ.

ಗೌಡರು ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿ, ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. "ಇಳೀತೀಯೋ, ನಾನೇ ಹತ್ತಿ ಬರ್ಲೋ?"

ಧರ್ಮೇಶ್ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದ. ಅವನ ಎರಡೂ ಕಾಲು ನೆಲ ಮುಟ್ಟುವ ತನಕ ಗೌಡರು ಏಣಿ ಬಿಡಲಿಲ್ಲ. ಆಮೇಲೆ ಮಳೆ ಹಿಡಿದುಕೊಂಡಿತು, ಆ ಕೊಂಬೆ ಹಾಗೇ ಉಳಿಯಿತು. ಅದರ ಕೆಳಗಿನ ಗಿಡಗಳ ಕಾಯಿ ಶ್ರಾವಣದ ಹೊತ್ತಿಗೆ ಕೊಳೆತು ಉದುರಿತು. ಮೂರ್ತಿ ಅದನ್ನು ನೋಡಿದ, ಯಾರ ಹತ್ತಿರವೂ ಆ ಬಗ್ಗೆ ಬಾಯಿ ಬಿಡಲಿಲ್ಲ.